ಆ ದಿನದ ಲೆಕ್ಕ ಯಾರ ಕೈಲಿ?

ನಮ್ಮ ಕವಿತೆಗಳ ಕೊನೆಯಲ್ಲಿ ಒಂದು ದಿನ ಬರುತ್ತದೆ. ಹೆಚ್ಚುಕಡಿಮೆ ನಮ್ಮೆಲ್ಲರ ಕವಿತೆಗಳಲ್ಲೂ ಬರುತ್ತದೆ. ಮೊದಲ ಇಪ್ಪತ್ತು ಸಾಲು ಹಸಿವು, ಅವಮಾನ, ಬೆವರು. ಕೊನೆಯ ಎರಡು ಸಾಲು 'ಆ ದಿನ'. ಅವತ್ತು ತುಳಿದವರು ಮಣ್ಣು ಮುಕ್ಕುತ್ತಾರೆ, ನುಂಗಿದವರು ಕಕ್ಕುತ್ತಾರೆ. ಇಂಥವನ್ನು ನಾವು ಬರೆದಿದ್ದೇವೆ, ಸಭೆಗಳಲ್ಲಿ ಓದಿದ್ದೇವೆ, ಚಪ್ಪಾಳೆ ಗಿಟ್ಟಿಸಿದ್ದೇವೆ. ಒಮ್ಮೆ ಹೀಗೆ ಓದಿ ಕೂತಾಗ ಹಿಂದೆ ಗೋಡೆಗೊರಗಿ ಕೂತಿದ್ದ ಅಜ್ಜನೊಬ್ಬ ಕೇಳಿದ: 'ಎಲ್ಲಾ ಸರಿ ಕಣ್ರಪ್ಪಾ, ಅವತ್ತು ಲೆಕ್ಕ ಬರಿಯೋನು ಯಾರು?' ಆತನ ಹೆಬ್ಬೆಟ್ಟು ಎಷ್ಟೋ ಲೆಕ್ಕದ ಪುಸ್ತಕಗಳಲ್ಲಿ ಬಿದ್ದಿತ್ತು. ಅವುಗಳಲ್ಲಿ ಒಂದನ್ನೂ ಆತ ಓದಿದವನಲ್ಲ. ಮನೆಯಲ್ಲಿ ಮೊದಲ ಸಲ ಡಿಗ್ರಿ ಕಂಡ ನಮಗೂ ಉತ್ತರ ಹೊಳೆಯಲಿಲ್ಲ.

'ಆ ದಿನ'ವನ್ನು ಶತಮಾನಗಟ್ಟಲೆ ಕಾದು, ಕಾದದ್ದನ್ನೆಲ್ಲ ಬರೆದಿಟ್ಟ ಒಂದು ಜನ ಇದ್ದಾರೆ: ಯೆಹೂದ್ಯರು, ಮತ್ತು ಅವರ ಒಡಲಲ್ಲೇ ಹುಟ್ಟಿದ ಮೊದಲ ತಲೆಮಾರಿನ ಕ್ರೈಸ್ತರು. ಕರ್ತನ ದಿನ, ನ್ಯಾಯತೀರ್ಪಿನ ದಿನ, ಮೆಸ್ಸೀಯ ಬರುವ ದಿನ ಅಂತ ಅವರು ಅದನ್ನು ಕರೆದರು. ಅಜ್ಜನ ಪ್ರಶ್ನೆ ಹಿಡಿದುಕೊಂಡು ನಾವು ಅವರ ಪುಸ್ತಕಗಳಿಗೆ ಹೋದೆವು. ಭಕ್ತರಾಗಿ ಅಲ್ಲ, ಬೈಯಲಿಕ್ಕೂ ಅಲ್ಲ. ಕನ್ನಡದ ಸತ್ಯವೇದ ಯಾವ ಹಳ್ಳಿಯ ಮೇಷ್ಟ್ರ ಕೈಗಾದರೂ ಸಿಗುವ ಪುಸ್ತಕ. ಕವಿಗಳು ಕವಿಗಳನ್ನು ಓದುವ ಹಾಗೆ ಓದಿದೆವು.

ಮೊದಲು ಸಿಕ್ಕವನು ಆಮೋಸ. ಕ್ರಿ.ಪೂ. 8ನೇ ಶತಮಾನದ ನಡುಭಾಗದವನು. ಯೂದಾಯದ ತೆಕೋವ ಎಂಬ ಊರಿನ ದನಗಾಹಿ, ಅತ್ತಿಹಣ್ಣಿನ ಕೆಲಸದವನು. ತಾನು ಪ್ರವಾದಿಯಲ್ಲ, ಪ್ರವಾದಿಗಳ ಗುಂಪಿನವನೂ ಅಲ್ಲ ಅಂತ ಅವನೇ ಹೇಳಿಕೊಳ್ಳುತ್ತಾನೆ. ಅವನು ಗಡಿ ದಾಟಿ ಉತ್ತರದ ಇಸ್ರಾಯೇಲ್ ರಾಜ್ಯಕ್ಕೆ ಹೋದ. ಅಲ್ಲಿ ಎರಡನೇ ಯಾರೊಬ್ಬಾಮನ ಆಳ್ವಿಕೆ. ರಾಜ್ಯಕ್ಕೆ ಗೆಲುವಿನ ಕಾಲ, ಉಳ್ಳವರಿಗೆ ದಂತದ ಮಂಚದ ಕಾಲ. ಬಡವನನ್ನು ಒಂದು ಜೊತೆ ಕೆರದ ಬೆಲೆಗೆ ಮಾರುವ ಕಾಲವೂ ಅದೇ. ಕೊಳಗ ಕಿರಿದು, ತೂಕದ ಕಲ್ಲು ಹಿರಿದು, ಗೋಧಿಯ ಜೊತೆಗೆ ಕಸ. ಅಡವಿಗೆ ಕಿತ್ತುಕೊಂಡ ಬಡವನ ಬಟ್ಟೆಯನ್ನು ಹಾಸಿಕೊಂಡು ದೇವರ ಪೀಠದ ಪಕ್ಕದಲ್ಲೇ ಒರಗುವ ಜನ. ಆಮೋಸ ಇದನ್ನೆಲ್ಲ ಹೆಸರು ಹಿಡಿದು ಹೇಳಿದ.

ಆದರೆ ಅವನು ಹೇಳಿದ್ದಕ್ಕಿಂತ ಹೇಳಿದ ಕ್ರಮ ನಮ್ಮನ್ನು ಹಿಡಿದು ನಿಲ್ಲಿಸಿತು. ಶುರುವಿನಲ್ಲಿ ಅವನು ಸುತ್ತಲಿನ ಶತ್ರುಗಳ ಮೇಲೆ ತೀರ್ಪು ಕೊಡುತ್ತಾ ಬರುತ್ತಾನೆ. ದಮಸ್ಕ, ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್. ಒಬ್ಬೊಬ್ಬರ ಪಾಪವೂ ಘೋರವೇ: ಇಡೀ ಊರನ್ನೇ ಗುಲಾಮರಾಗಿ ಮಾರಿದವರು, ಬಸುರಿಯರ ಹೊಟ್ಟೆ ಸೀಳಿದವರು. ಕೇಳುವ ಇಸ್ರಾಯೇಲ್ಯರು ತಲೆದೂಗಿರಬೇಕು, ಹೌದು ಹೌದು ಅಂದಿರಬೇಕು. ಆಮೇಲೆ ಅವನು ಯೂದಾಯಕ್ಕೆ ಬಂದ, ತನ್ನದೇ ನಾಡಿಗೆ. ಇನ್ನೂ ಹೌದು ಹೌದು. ಬಲೆ ಹೀಗೆ ಸುತ್ತುತ್ತಾ ಸುತ್ತುತ್ತಾ ಕೊನೆಗೆ ಬಂದು ಬಿದ್ದದ್ದು ಕೇಳುತ್ತಾ ಕೂತವರ ತಲೆಯ ಮೇಲೆಯೇ. ಕೆರದ ಬೆಲೆಯ ಮಾತು ಬರುವುದು ಅಲ್ಲಿ.

ಆ ಜನರಲ್ಲಿ ಕರ್ತನ ದಿನದ ನಂಬಿಕೆ ಆಗಲೇ ಇತ್ತು. ಅವತ್ತು ನಮ್ಮ ದೇವರು ನಮ್ಮ ಶತ್ರುಗಳನ್ನು ಬಡಿಯುತ್ತಾನೆ, ನಮಗೆ ಬೆಳಕು ಅಂತ ಕಾಯುತ್ತಿದ್ದರು. ಆಮೋಸ ಅದನ್ನು ತಲೆಕೆಳಗು ಮಾಡಿದ. ಅವತ್ತು ಕತ್ತಲು, ನಿಮಗೂ ಕತ್ತಲೇ. ಸಿಂಹದ ಬಾಯಿಂದ ತಪ್ಪಿಸಿಕೊಂಡವನಿಗೆ ಕರಡಿ ಎದುರಾದಂತೆ. ಹೇಗೋ ಮನೆ ಸೇರಿ, ಉಸ್ಸಪ್ಪಾ ಅಂತ ಗೋಡೆಗೆ ಕೈಯಿಟ್ಟರೆ ಅಲ್ಲಿ ಹಾವು. ಹಳ್ಳಿಯವನಿಗೆ ಮಾತ್ರ ಹೊಳೆಯುವ ಪ್ರತಿಮೆ ಇದು. ಬೇತೇಲಿನ ಗುಡಿಯ ಯಾಜಕ ಅಮಚ್ಯ ರಾಜನಿಗೆ ದೂರು ಕಳಿಸಿ, ಆಮೋಸನಿಗೆ ನಿನ್ನ ನಾಡಿಗೆ ಹೋಗಿ ಅಲ್ಲೇ ಪ್ರವಾದನೆ ಹೇಳಿ ಹೊಟ್ಟೆ ಹೊರೆದುಕೋ, ಇದು ಅರಸನ ಗುಡಿ ಅಂದ. ಪುರೋಹಿತನ ಬಾಯಲ್ಲಿ ಸತ್ಯ ಹೊರಬಿದ್ದಿತು ನೋಡಿ: ಗುಡಿ ದೇವರದಲ್ಲ, ಅರಸನದು. ಕ್ರಿ.ಪೂ. 722ರ ಸುಮಾರಿಗೆ ಅಸ್ಸೀರಿಯದ ಸೈನ್ಯಕ್ಕೆ ಸಮಾರ್ಯ ಬಿತ್ತು, ಆ ರಾಜ್ಯ ಮುಗಿಯಿತು.

ಇನ್ನೊಂದು ಮಾತು. ಆಮೋಸನ ಪುಸ್ತಕದ ಕೊನೆಗೆ ಸಮಾಧಾನದ ಕೆಲವು ವಚನಗಳಿವೆ. ಬಿದ್ದದ್ದು ಏಳುತ್ತದೆ, ಬೆಟ್ಟಗಳಿಂದ ದ್ರಾಕ್ಷಾರಸ ಹರಿಯುತ್ತದೆ. ಅವು ಆಮೋಸನವಲ್ಲ, ಆಮೇಲೆ ಯಾರೋ ಹೊಲಿದದ್ದು ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಯಾರೋ ಒಬ್ಬ ಸಂಪಾದಕನಿಗೆ ಕತ್ತಲಲ್ಲಿ ಮುಗಿಸಲು ಧೈರ್ಯ ಸಾಲಲಿಲ್ಲ. ನಮ್ಮ ಕವಿತೆಗಳ ಕೊನೆಯ ಎರಡು ಸಾಲು ನೆನಪಾಗಿ ನಮಗೆ ನಗು ಬಂತು, ಆಮೇಲೆ ನಾಚಿಕೆಯೂ ಆಯಿತು.

'ಮೆಸ್ಸೀಯ' ಎಂದರೆ ಎಣ್ಣೆ ಹಚ್ಚಿಸಿಕೊಂಡವನು, ಅಭಿಷಿಕ್ತ. ಅಷ್ಟೇ ಅರ್ಥ. ಗ್ರೀಕಿನಲ್ಲಿ ಅದೇ 'ಕ್ರಿಸ್ತ'. ಮೊದಮೊದಲು ಅದು ಆಳುತ್ತಿದ್ದ ರಾಜನಿಗೆ, ಯಾಜಕನಿಗೆ ಹೇಳುವ ಮಾತು, ಬರಲಿರುವವನಿಗಲ್ಲ. ಯೆಶಾಯನ ಪುಸ್ತಕದಲ್ಲಿ ಪಾರಸಿಯ ಕೋರೆಷನಿಗೂ ಆ ಹೆಸರಿದೆ. ಯೆಹೋವನನ್ನೇ ಅರಿಯದ ಪರದೇಶಿ ಅವನು. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಸುಟ್ಟು, ದಾವೀದನ ಸಿಂಹಾಸನ ಖಾಲಿಯಾದ ಮೇಲೆ ಈ ಪದ ಮೆಲ್ಲಗೆ ಮುಂದಕ್ಕೆ ಮುಖ ತಿರುಗಿಸಿತು. ಇದ್ದ ರಾಜನ ಹೆಸರು ಇಲ್ಲದ ರಾಜನ ಹಂಬಲವಾಯಿತು.

ಲೆಕ್ಕದ ಪುಸ್ತಕ ಕಣ್ಣಿಗೆ ಬೀಳುವುದು ದಾನಿಯೇಲನಲ್ಲಿ. ಕತೆ ನಡೆಯುವುದು ಬಾಬೆಲಿನಲ್ಲಿ. ಪುಸ್ತಕ ಈಗಿನ ರೂಪ ಪಡೆದದ್ದು ಅದಕ್ಕೆ ನಾನೂರು ವರ್ಷ ಆದ ಮೇಲೆ, ಕ್ರಿ.ಪೂ. 167ರಿಂದ 164ರ ನಡುವೆ. ಆಗ ಸಿರಿಯಾದ ಗ್ರೀಕ್ ದೊರೆ ನಾಲ್ಕನೇ ಆಂಟಿಯೋಕಸ್ ಯೆಹೂದ್ಯರ ಸುನ್ನತಿ, ಸಬ್ಬತ್ತು ಎಲ್ಲವನ್ನೂ ನಿಷೇಧಿಸಿ, ದೇವಾಲಯದ ಬಲಿಪೀಠದ ಮೇಲೆ ಅನ್ಯದೇವರ ಪೀಠ ಕೂರಿಸಿದ್ದ. ನೇರವಾಗಿ ಹೇಳಿದರೆ ತಲೆ ಹೋಗುವ ಕಾಲದಲ್ಲಿ ಕವಿ ಹಳೆಯ ಕಾಲದ ವೇಷ ಹಾಕಿದ. ನಾಲ್ಕು ಮೃಗಗಳು ಸಮುದ್ರದಿಂದ ಏಳುತ್ತವೆ; ಅವು ಸಾಮ್ರಾಜ್ಯಗಳು. ಬೆಂಕಿಯ ಸಿಂಹಾಸನದಲ್ಲಿ ಮುದುಕನಂಥ ನ್ಯಾಯಾಧಿಪತಿ ಕೂರುತ್ತಾನೆ, ಪುಸ್ತಕಗಳು ತೆರೆಯುತ್ತವೆ. ಮೃಗಗಳ ಅಧಿಕಾರ ಮುಗಿದು, ಮನುಷ್ಯನಂತೆ ಕಾಣುವ ಒಬ್ಬನಿಗೆ ರಾಜ್ಯ ಸಿಗುತ್ತದೆ. ಮೃಗದ ಎದುರು ಮನುಷ್ಯ. ಇದಕ್ಕಿಂತ ದೊಡ್ಡ ರಾಜಕೀಯ ಪ್ರತಿಮೆ ಬೇಕೇ?

ಇದೇ ಪುಸ್ತಕದ ಕೊನೆಗೆ ಮಣ್ಣಲ್ಲಿ ಮಲಗಿದವರು ಏಳುವ ಮಾತು ಬರುತ್ತದೆ. ಹೀಬ್ರೂ ಬೈಬಲಿನಲ್ಲಿ ಸತ್ತವರು ಎದ್ದು ತೀರ್ಪಿಗೆ ನಿಲ್ಲುವ ವಿಚಾರ ಇಷ್ಟು ಸ್ಪಷ್ಟವಾಗಿ ಬರುವುದು ಇದೊಂದೇ ಕಡೆ. ಯಾಕೆ ಆಗ ಬಂತು? ಒಳ್ಳೆಯವನಿಗೆ ಬದುಕಿರುವಾಗಲೇ ಒಳ್ಳೆಯದಾಗುತ್ತದೆ ಎಂಬ ಹಳೆಯ ನಂಬಿಕೆ ಆಂಟಿಯೋಕಸನ ಕಾಲದಲ್ಲಿ ಒಡೆದುಹೋಯಿತು. ಧರ್ಮ ಬಿಟ್ಟವನು ಬದುಕಿದ, ಬಿಡದವನು ಸತ್ತ. ಹಾಗಾದರೆ ಸತ್ತವನ ಲೆಕ್ಕ? ಆ ಪ್ರಶ್ನೆಗೆ ಸಾವಿನ ಗೋಡೆಯನ್ನೇ ಒಡೆಯಬೇಕಾಯಿತು. 'ಪರಲೋಕ ಎನ್ನುವುದು ಮೇಲಿನವರು ಕೊಡುವ ಅಫೀಮು' ಅಂತ ಭಾಷಣಗಳಲ್ಲಿ ಹೇಳುವ ನಾವು ಇಲ್ಲಿ ಸ್ವಲ್ಪ ತಡೆಯಬೇಕು. ಹುಟ್ಟಿದಾಗ ಅದು ಅಫೀಮಲ್ಲ. ಕೊಲೆಯಾದವರ ಪರವಾಗಿ ಹಾಕಿದ ಅಪೀಲು ಅದು. ಅಫೀಮಾದದ್ದು ಆಮೇಲೆ.

ಹನೋಕನ ಹೆಸರಿನ ಪುಸ್ತಕವೂ ಆಸುಪಾಸಿನ ಕಾಲದ್ದೇ. ಕುಮ್ರಾನಿನ ಗವಿಗಳಲ್ಲಿ 1947ರಿಂದ ಸಿಗತೊಡಗಿದ ಸುರುಳಿಗಳ ನಡುವೆ ಅದರ ಅರಾಮಿಕ್ ತುಂಡುಗಳಿದ್ದವು. ಇಡಿಯಾಗಿ ಉಳಿಸಿಕೊಂಡದ್ದು ಇಥಿಯೋಪಿಯದ ಸಭೆ, ತನ್ನ ಗೀಜ್ ಭಾಷೆಯಲ್ಲಿ. ಅದರ ಒಂದು ಭಾಗ ಪೂರ್ತಿ ಐಶ್ವರ್ಯವಂತರ ಮೇಲಿನ ಶಾಪ. ಕುಮ್ರಾನಿನವರು ಒಬ್ಬ ಮೆಸ್ಸೀಯ ಸಾಲದೆಂದು ಇಬ್ಬರನ್ನು ಕಾದರು, ಯಾಜಕನೊಬ್ಬ, ಅರಸನೊಬ್ಬ.

ಆಂಟಿಯೋಕಸನ ವಿರುದ್ಧ ಬಂಡೆದ್ದು ಗೆದ್ದ ಮಕ್ಕಬಿಯರ ಮನೆತನ ಏನಾಯಿತು? ಮೊದಲು ಮಹಾಯಾಜಕರಾದರು, ಆಮೇಲೆ ಅರಸರೂ ಆದರು. ಅದೇ ವಂಶದ ಅಲೆಕ್ಸಾಂಡರ್ ಯನ್ನಾಯ್ ತನ್ನನ್ನು ವಿರೋಧಿಸಿದ ಸುಮಾರು 800 ಮಂದಿ ಯೆಹೂದ್ಯರನ್ನು ಶಿಲುಬೆಗೇರಿಸಿ, ಅದನ್ನು ನೋಡುತ್ತಾ ಔತಣ ಮಾಡಿದ ಎಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಬಂಡಾಯದ ಮೊಮ್ಮಕ್ಕಳು! ಕ್ರಿ.ಪೂ. 63ರಲ್ಲಿ ರೋಮಿನ ಪಾಂಪೆ ಬಂದ. ಆ ಹೊತ್ತಿನ 'ಸೊಲೊಮೋನನ ಕೀರ್ತನೆಗಳು' ಎಂಬ ಪುಸ್ತಕದಲ್ಲಿ ದಾವೀದನ ಮಗನಾದ ಮೆಸ್ಸೀಯ ಬಂದು ರೋಮಿನವರನ್ನೂ ಈ ಮನೆಹಾಳು ಅರಸರನ್ನೂ ಒಟ್ಟಿಗೇ ಗುಡಿಸಲಿ ಎಂಬ ಪ್ರಾರ್ಥನೆ ಇದೆ. ನಿರೀಕ್ಷೆ ಬಲಿಯುವುದೇ ಹೀಗೆ, ಬಂದವನು ಕೈಕೊಟ್ಟಾಗ.

ಈ ಜೋಸೆಫಸನ ಬಗ್ಗೆ ಎರಡು ಮಾತು ಹೇಳಲೇಬೇಕು, ಮುಂದಿನ ಕಾಲದ ಬಡಜನರ ಕತೆ ನಮಗೆ ಸಿಗುವುದು ಹೆಚ್ಚಾಗಿ ಇವನ ಕೈಯಿಂದಲೇ. ಯಾಜಕರ ಮನೆತನ. ರೋಮಿನ ವಿರುದ್ಧದ ಯುದ್ಧದಲ್ಲಿ ಗಲಿಲಾಯದ ಸೇನಾನಿ, ಕ್ರಿ.ಶ. 67ರಲ್ಲಿ ಶರಣಾದ. ಯೂದಾಯದಿಂದ ಒಬ್ಬ ಲೋಕದ ದೊರೆ ಹೊರಡುತ್ತಾನೆ ಎಂಬ ಜನರ ನಂಬಿಕೆಗೆ ಅವನು ಕೊಟ್ಟ ಅರ್ಥ ಏನು ಗೊತ್ತೇ? ಆ ದೊರೆ ಬೇರಾರೂ ಅಲ್ಲ, ಅಲ್ಲೇ ದಂಡು ಹೂಡಿದ್ದ ರೋಮಿನ ಸೇನಾಪತಿ ವೆಸ್ಪಾಸಿಯನ್! ಮೆಸ್ಸೀಯನನ್ನೇ ಮಾರಿ ಪ್ರಾಣ ಉಳಿಸಿಕೊಂಡ ಬುದ್ಧಿಜೀವಿ. ಇಂಥವನ ಲೇಖನಿಯಲ್ಲಿ ಬಡವರ ನಾಯಕರೆಲ್ಲ ಮೋಸಗಾರರು. ಯೊರ್ದನ್ ಹೊಳೆಯನ್ನು ಸೀಳುತ್ತೇನೆಂದು ಜನರನ್ನು ಕರೆದೊಯ್ದ ಥೈದನ ತಲೆ ಕಡಿದು ಯೆರೂಸಲೇಮಿಗೆ ತಂದರು, ಅವನು ಮೋಸಗಾರ. ಎಣ್ಣೆಮರದ ಗುಡ್ಡದಿಂದ ಕೂಗಿದರೆ ನಗರದ ಗೋಡೆ ಬೀಳುತ್ತದೆಂದ ಐಗುಪ್ತದವನೂ ಮೋಸಗಾರ. ಇರಬಹುದು. ಆದರೆ ಅವರ ಹಿಂದೆ ಹೊಲಗದ್ದೆ, ಗುಡಿಸಲು ಬಿಟ್ಟು ನಡೆದ ಸಾವಿರಾರು ಮಂದಿ ಏನನ್ನು ಕಂಡು ನಡೆದರು? ಜೋಸೆಫಸ್ ಅದನ್ನು ಕೇಳುವುದಿಲ್ಲ.

ಆದರೂ ತನಗೆ ಗೊತ್ತಿಲ್ಲದೆಯೇ ಅವನೊಂದು ಬಾಗಿಲು ತೆರೆದಿಟ್ಟಿದ್ದಾನೆ. ಕ್ರಿ.ಶ. 66ರಲ್ಲಿ ದಂಗೆ ಎದ್ದಾಗ ಬಂಡುಕೋರರು ಮಹಾಯಾಜಕನ ಮನೆ, ರಾಜಮನೆತನದ ಅರಮನೆ ಸುಟ್ಟ ಮೇಲೆ ಎಲ್ಲಿಗೆ ನುಗ್ಗಿದರು? ದಫ್ತರಖಾನೆಗೆ. ಸಾಹುಕಾರರ ಸಾಲಪತ್ರಗಳೆಲ್ಲ ಅಲ್ಲಿದ್ದವು, ಅವಕ್ಕೆ ಬೆಂಕಿಯಿಟ್ಟರು. ನಗರದ ನರಗಳೇ ಸುಟ್ಟವು ಎಂಬಂತೆ ಜೋಸೆಫಸ್ ಕೊರಗುತ್ತಾನೆ. ಯಾರ ನರ ಅಂತ ನಾವು ಕೇಳಬೇಕು. ಏಳು ವರ್ಷಕ್ಕೊಮ್ಮೆ ಸಾಲ ಬಿಡಬೇಕೆಂದು ಮೋಶೆಯ ಧರ್ಮಶಾಸ್ತ್ರದಲ್ಲಿದೆ. ಹಾಗೆ ಬಿಡಬೇಕಾಗುತ್ತದೆಂದು ಉಳ್ಳವರು ಸಾಲವನ್ನೇ ಕೊಡದಾದಾಗ, ಪತ್ರವನ್ನು ನ್ಯಾಯಸ್ಥಾನಕ್ಕೆ ಒಪ್ಪಿಸಿ ಸಾಲ ಉಳಿಸಿಕೊಳ್ಳುವ 'ಪ್ರೊಸ್ಬುಲ್' ಎಂಬ ಉಪಾಯ ಬಂತು, ಹಿಲ್ಲೇಲನ ಹೆಸರಿನಲ್ಲಿ. ಬಡವನಿಗೆ ಸಾಲ ಸಿಗಲಿ ಎಂಬುದೇ ಅವನ ಉದ್ದೇಶ. ಆದರೆ ಬಿಡುಗಡೆಯ ವರ್ಷ ಬಂದರೂ ಸಾಲ ಬಿಡುಗಡೆಯಾಗಲಿಲ್ಲ. ಮೇಲೊಂದು ಪುಸ್ತಕ ತೆರೆಯುತ್ತದೆ ಎಂದು ದಾನಿಯೇಲನಲ್ಲಿ ಕೇಳಿಸಿಕೊಂಡ ಜನ ಕೆಳಗಿನ ಪುಸ್ತಕ ಸುಟ್ಟರು. ಎರಡಕ್ಕೂ ಸಂಬಂಧವಿಲ್ಲ ಅಂದರೆ ನಾವು ನಂಬುವವರಲ್ಲ.

ಯೇಸುವನ್ನು ಈ ಸಾಲಪತ್ರಗಳ ಪಕ್ಕದಲ್ಲಿ ಇಟ್ಟು ಓದಿ. ಅವನು ಕಲಿಸಿದ ಪ್ರಾರ್ಥನೆಯಲ್ಲಿ ಕ್ಷಮಿಸು ಎಂದು ಬೇಡುವುದು ಏನನ್ನು? ಕನ್ನಡ ಸತ್ಯವೇದದಲ್ಲಿ 'ತಪ್ಪು' ಎಂದಿದೆ. ಮತ್ತಾಯನ ಗ್ರೀಕಿನಲ್ಲಿರುವ ಪದದ ನೇರ ಅರ್ಥ 'ಸಾಲ'. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ. ಅನುವಾದದಲ್ಲಿ ಸಾಲ ಹೋಗಿ ತಪ್ಪು ಮಾತ್ರ ಉಳಿಯಿತು. ಸಣ್ಣ ಮಾತಲ್ಲ ಇದು. ಗಲಿಲಾಯದ ಕೂಲಿಯವನಿಗೆ ಆ ಪ್ರಾರ್ಥನೆ ಕೇಳಿಸಿದ ರೀತಿಯೇ ಬೇರೆ ಇದ್ದಿರಬೇಕು.

ಅವನಿಗಿಂತ ಮೊದಲು ಸ್ನಾನಿಕ ಯೋಹಾನ ಬಂದಿದ್ದ. ಮರದ ಬೇರಿಗೆ ಕೊಡಲಿ ಬಿದ್ದಾಯಿತು, ಕಣದಲ್ಲಿ ಹೊಟ್ಟು ತೂರುವವನು ಬಂದಾಯಿತು ಎನ್ನುವ ಬೆಂಕಿ ಮಾತಿನವನು. ಸೆರೆಯಲ್ಲಿ ಕೂತ ಅವನು ಯೇಸುವಿಗೆ ಹೇಳಿ ಕಳಿಸಿದ: ಬರಬೇಕಾದವನು ನೀನೇನಾ, ಇಲ್ಲ ಇನ್ನೊಬ್ಬನಿಗೆ ಕಾಯಬೇಕಾ? ಬೆಂಕಿ ಎಲ್ಲಿ, ಕೊಡಲಿ ಎಲ್ಲಿ ಎಂಬ ನಿರಾಶೆ ಆ ಪ್ರಶ್ನೆಯ ಒಳಗಿದೆ. ಯೇಸು ಕುಂಟರು, ಕುರುಡರು, ಬಡವರ ಸುದ್ದಿಯನ್ನಷ್ಟೇ ಹೇಳಿ ಕಳಿಸಿದ. ಯೋಹಾನನ ತಲೆ ಹೋಯಿತು, ಸೆರೆಮನೆಯ ಬಾಗಿಲು ತೆರೆಯಲಿಲ್ಲ. ಇಡೀ ಹೊಸ ಒಡಂಬಡಿಕೆಯಲ್ಲಿ ನಮ್ಮನ್ನು ಬಹಳ ಕಾಡಿದ ಜಾಗ ಇದು.

ಲೂಕನು ಹೇಳುವ ನಜರೇತಿನ ಪ್ರಸಂಗ ಇನ್ನೂ ಸೂಕ್ಷ್ಮ. ತನ್ನೂರಿನ ಸಭಾಮಂದಿರದಲ್ಲಿ ಯೇಸು ಯೆಶಾಯನ ಸುರುಳಿ ಬಿಚ್ಚಿ ಓದುತ್ತಾನೆ: ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ, ಕರ್ತನ ಪ್ರಸನ್ನತೆಯ ವರ್ಷ. ಅಲ್ಲಿಗೆ ಸುರುಳಿ ಸುತ್ತಿ ಕೂತುಬಿಡುತ್ತಾನೆ. ಯೆಶಾಯನ ಪುಸ್ತಕ ತೆಗೆದು ನೋಡಿ, ವಾಕ್ಯ ಅಲ್ಲಿ ಮುಗಿದಿಲ್ಲ. ಮುಂದಿನ ಮಾತು ದೇವರು ಸೇಡು ತೀರಿಸುವ ದಿನದ್ದು. ಯೇಸು ವಾಕ್ಯದ ನಡುವೆ ನಿಲ್ಲಿಸಿದ. ಊರವರು ಮೊದಲು ಮೆಚ್ಚಿದರು. ಆಮೇಲೆ ಅವನು, ಬರಗಾಲದಲ್ಲಿ ಎಲೀಯನನ್ನು ದೇವರು ಕಳಿಸಿದ್ದು ಪರದೇಶದ ವಿಧವೆಯ ಹತ್ತಿರಕ್ಕೆ, ಕುಷ್ಠ ವಾಸಿಯಾದದ್ದು ಸಿರಿಯಾದ ನಾಮಾನನಿಗೆ ಅಂದ. ಅಷ್ಟಕ್ಕೇ ಗುಡ್ಡದ ತುದಿಯಿಂದ ತಳ್ಳಲು ಎಳೆದೊಯ್ದರು. ಆಮೋಸನ ಬಲೆಯೇ ಇದು, ಏಳುನೂರು ಚಿಲ್ಲರೆ ವರ್ಷದ ಮೇಲೆ. ಸೇಡಿನ ಸಾಲನ್ನು ಬಿಟ್ಟು ಓದಿದರೆ ನಮ್ಮ ಸಭೆಗಳಲ್ಲೂ ಚಪ್ಪಾಳೆ ಕಡಿಮೆಯೇ.

ಮತ್ತಾಯನ 25ನೇ ಅಧ್ಯಾಯದಲ್ಲಿ ತೀರ್ಪಿನ ಚಿತ್ರ ಇದೆ, ಕುರಿ ಆಡುಗಳನ್ನು ಬೇರೆ ಮಾಡುವ ಹಾಗೆ. ಅಲ್ಲಿ ಜಾತಿ ಕುಲ ಕೇಳುವುದಿಲ್ಲ, ನಂಬಿಕೆಯನ್ನೂ ಕೇಳುವುದಿಲ್ಲ. ಹಸಿದವನಿಗೆ ಅನ್ನ ಇಟ್ಟೆಯಾ, ಬಟ್ಟೆಯಿಲ್ಲದವನಿಗೆ ಬಟ್ಟೆ ಕೊಟ್ಟೆಯಾ, ಜೈಲಿನಲ್ಲಿದ್ದವನನ್ನು ನೋಡಲು ಹೋದೆಯಾ, ಇಷ್ಟೇ. ವಿಶೇಷ ಏನೆಂದರೆ ಎರಡೂ ಕಡೆಯವರಿಗೆ ಆಶ್ಚರ್ಯ: ನಿನ್ನನ್ನು ನಾವು ಯಾವಾಗ ಕಂಡೆವು? ನ್ಯಾಯಾಧಿಪತಿ ಇಷ್ಟು ದಿನ ಹಸಿದವರ ಸಾಲಿನಲ್ಲಿ ಕೂತಿದ್ದ. ದಾನಿಯೇಲನ ಬೆಂಕಿಯ ಸಿಂಹಾಸನದಿಂದ ಇಲ್ಲಿಗೆ ಎಷ್ಟು ದೂರ!

ಇದೇ ಪರಂಪರೆಯಲ್ಲಿ, ಮೊದಲ ಶತಮಾನದ ಕೊನೆಯ ಹೊತ್ತಿಗೆ, ಪತ್ಮೋಸ್ ದ್ವೀಪದ ಯೋಹಾನನ 'ಪ್ರಕಟನೆ' ಬರುತ್ತದೆ. ಕಾವ್ಯವಾಗಿ ಅದು ನಮ್ಮನ್ನು ಬೆಚ್ಚಿಬೀಳಿಸಿತು. ಬಾಬೆಲ್ ಎಂಬ ಹೆಸರಿನಲ್ಲಿ ರೋಮ್ ಬೀಳುತ್ತದೆ. ವರ್ತಕರು ದೂರ ನಿಂತು, ಇನ್ನು ಕೊಳ್ಳುವವರಿಲ್ಲವಲ್ಲ ಅಂತ ಅಳುತ್ತಾರೆ. ಅವರ ಸರಕಿನ ಪಟ್ಟಿ ಬಂಗಾರದಿಂದ ಶುರುವಾಗುತ್ತದೆ: ಬೆಳ್ಳಿ, ಮುತ್ತು, ರೇಷ್ಮೆ, ದಂತ, ದಾಲ್ಚಿನ್ನಿ, ದ್ರಾಕ್ಷಾರಸ, ಎಣ್ಣೆ, ಗೋಧಿ, ದನ, ಕುರಿ, ಕುದುರೆ, ರಥ. ಎಲ್ಲಕ್ಕಿಂತ ಕೊನೆಗೆ, ಮನುಷ್ಯರ ದೇಹ ಮತ್ತು ಪ್ರಾಣ. ಬೈಗುಳ ಇಲ್ಲ, ವಿಶೇಷಣ ಇಲ್ಲ. ಒಂದು ದಿನಸಿ ಚೀಟಿಯಲ್ಲಿ ಇಡೀ ಸಾಮ್ರಾಜ್ಯದ ಮೇಲೆ ಆರೋಪಪಟ್ಟಿ. ಆದರೆ ಅದೇ ಪುಸ್ತಕದಲ್ಲಿ ರಕ್ತ ಕುದುರೆಯ ಕಡಿವಾಣದ ಮಟ್ಟಕ್ಕೆ ಹರಿಯುತ್ತದೆ, ತನ್ನನ್ನು ಒಪ್ಪದ ಯೆಹೂದ್ಯರ ಸಭೆ ಸೈತಾನನದಾಗುತ್ತದೆ, ಬೇರೆ ಮಾತಾಡಿದ ಹೆಂಗಸೊಬ್ಬಳು ಈಜೆಬೆಲಳಾಗುತ್ತಾಳೆ. ಇದಾಗಿ ನೂರು ವರ್ಷಕ್ಕೆ ಕಾರ್ಥೇಜಿನ ತೆರ್ತುಲ್ಲಿಯನ್, ತೀರ್ಪಿನ ದಿನ ದೊರೆಗಳೂ ಅಧಿಕಾರಿಗಳೂ ಬೆಂಕಿಯಲ್ಲಿ ಬೇಯುವುದನ್ನು ನೋಡಿ ತಾನೆಷ್ಟು ನಗುತ್ತೇನೋ ಎಂಬ ಸಂಭ್ರಮದಲ್ಲಿ ಬರೆದ. ಅವನ ಕಾಲದಲ್ಲಿ ಕ್ರೈಸ್ತರೇ ಬೇಯುತ್ತಿದ್ದರು, ಒಪ್ಪೋಣ. ಆದರೆ ಬೆಂಕಿಯ ಗುತ್ತಿಗೆ ಕೈ ಬದಲಾಯಿಸಲು ಬಹಳ ಕಾಲ ಬೇಕಾಗಲಿಲ್ಲ.

ಕ್ರಿ.ಶ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ತನ್ನ ಆಳ್ವಿಕೆಯ 20ನೇ ವರ್ಷಕ್ಕೆ ಬಿಷಪ್ಪರಿಗೆ ಔತಣ ಕೊಟ್ಟ. ರೋಮಿನ ಹಿಂಸೆಯನ್ನು ಮೈಮೇಲೆ ಕಂಡವರೂ ಅವರಲ್ಲಿದ್ದರು. ಬಿಚ್ಚುಗತ್ತಿಯ ಕಾವಲುಗಾರರ ನಡುವೆ ಅವರು ನಿರ್ಭಯವಾಗಿ ಒಳನಡೆದರು. ಇದು ಕ್ರಿಸ್ತನ ರಾಜ್ಯದ ಚಿತ್ರವೇ ಎನಿಸುವಂತಿತ್ತು ಅಂತ ಬಿಷಪ್ ಯೂಸೇಬಿಯಸ್ ಬರೆದ. ಆ ದಿನ ಬಂದೇಬಿಟ್ಟಿತ್ತು ಅವನ ಪಾಲಿಗೆ, ಊಟದ ಎಲೆಯ ಮುಂದೆ. 388ರಲ್ಲಿ ಯೂಫ್ರೆಟಿಸ್ ದಂಡೆಯ ಕಲ್ಲಿನಿಕುಮ್ ಊರಿನಲ್ಲಿ ಕ್ರೈಸ್ತರ ಗುಂಪು ಯೆಹೂದ್ಯರ ಸಭಾಮಂದಿರ ಸುಟ್ಟಿತು. ಅಲ್ಲಿಯ ಬಿಷಪ್ಪನೇ ಕಟ್ಟಿಸಿಕೊಡಲಿ ಎಂದು ಚಕ್ರವರ್ತಿ ಥಿಯೊಡೋಸಿಯಸ್ ಅಪ್ಪಣೆ ಮಾಡಿದರೆ, ಮಿಲಾನಿನ ಆಂಬ್ರೋಸ್ ಹಟ ಹಿಡಿದು ಅಪ್ಪಣೆಯನ್ನೇ ವಾಪಸ್ಸು ತೆಗೆಸಿದ. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಸುಟ್ಟದ್ದು ಯೇಸುವನ್ನು ಕೊಂದ ಯೆಹೂದ್ಯರಿಗೆ ದೇವರು ಕೊಟ್ಟ ತೀರ್ಪು ಎಂಬ ಮಾತು ಸಭೆಯ ಬಾಯಿಪಾಠವಾಯಿತು. ಶಿಲುಬೆ ರೋಮಿನ ಶಿಕ್ಷೆ, ತೀರ್ಪು ಕೊಟ್ಟವನು ರೋಮಿನ ಪಿಲಾತ, ಮೊಳೆ ಹೊಡೆದವರು ರೋಮಿನ ಸಿಪಾಯಿಗಳು. ಲೆಕ್ಕ ಮಾತ್ರ ಸೋತವರ ಹೆಸರಿಗೆ. ಎರಡನೇ ವ್ಯಾಟಿಕನ್ ಸಮ್ಮೇಳನ ಆ ಆರೋಪವನ್ನು ಇಡೀ ಯೆಹೂದ್ಯ ಜನದ ಮೇಲೆ ಹೊರಿಸಬಾರದೆಂದು ಘೋಷಿಸಿದ್ದು 1965ರಲ್ಲಿ. ಅಷ್ಟರಲ್ಲಿ ಯೂರೋಪಿನಲ್ಲಿ ಲಕ್ಷಲಕ್ಷ ಯೆಹೂದ್ಯರ ಹೆಣ ಬಿದ್ದು ಇಪ್ಪತ್ತು ವರ್ಷ ಕಳೆದಿತ್ತು.

ಯೆಹೂದ್ಯರ ಕಡೆಗೂ ಒಬ್ಬ ಮೆಸ್ಸೀಯ ಬಂದ. ಕ್ರಿ.ಶ. 132ರಲ್ಲಿ ರೋಮಿನ ವಿರುದ್ಧ ಎದ್ದ ಸಿಮೋನನನ್ನು ರಬ್ಬಿ ಅಕಿವ 'ಇವನೇ ಅಭಿಷಿಕ್ತ ಅರಸ' ಅಂತ ಒಪ್ಪಿದ. ನಕ್ಷತ್ರದ ಮಗ, ಬಾರ್ ಕೋಖ್ಬ ಎಂದು ಹೆಸರಾಯಿತು. ನಿನ್ನ ಕೆನ್ನೆಯ ಮೇಲೆ ಹುಲ್ಲು ಬೆಳೆದರೂ ದಾವೀದನ ಮಗ ಬಂದಿರುವುದಿಲ್ಲ ಎಂದು ಇನ್ನೊಬ್ಬ ರಬ್ಬಿ ಅಕಿವನಿಗೆ ಹೇಳಿದನಂತೆ. 135ರಲ್ಲಿ ಎಲ್ಲ ಮುಗಿಯಿತು. ಹೆಣಗಳ ಲೆಕ್ಕ ಸಿಗಲಿಲ್ಲ, ನಾಡಿನ ಹೆಸರನ್ನೇ ರೋಮ್ ಅಳಿಸಿತು. 1960-61ರಲ್ಲಿ ಮೃತಸಮುದ್ರದ ಬಳಿಯ ಗವಿಯಲ್ಲಿ ಯಿಗಾಯೆಲ್ ಯಾದಿನರ ತಂಡಕ್ಕೆ ಆ ಸಿಮೋನನ ಕಾಗದಪತ್ರಗಳು ಸಿಕ್ಕವು. ನಕ್ಷತ್ರದ ಮಾತು ಅವುಗಳಲ್ಲಿಲ್ಲ. ಧಾನ್ಯ ಕಳಿಸಿ, ಹಬ್ಬಕ್ಕೆ ಖರ್ಜೂರದ ಗರಿ ಕಳಿಸಿ ಎಂಬ ಹುಕುಂಗಳು. ಎನ್‌ಗೆದಿಯ ಜಮೀನನ್ನು ಅವನ ಹೆಸರಿನಲ್ಲಿ ಗೇಣಿಗೆ ಕೊಟ್ಟ ಕರಾರುಗಳು, ಇಂತಿಷ್ಟು ಕಂತಿನಲ್ಲಿ ಇಂತಿಷ್ಟು ಹಣ. ಮಾತು ಕೇಳದಿದ್ದರೆ ಕಾಲಿಗೆ ಬೇಡಿ ಹಾಕಿಸುತ್ತೇನೆಂದು ಅವನು ತನ್ನವನಿಗೇ ಗದರಿಸಿದ ಇನ್ನೊಂದು ಕಾಗದ ಬೇರೆ ಕಡೆ ಸಿಕ್ಕಿದೆ. ಮೆಸ್ಸೀಯನ ಲೆಕ್ಕದ ಪುಸ್ತಕ ಹೇಗಿರುತ್ತದೆ ಎಂದು ನೋಡಬೇಕಾದವರು ಇವನ್ನು ನೋಡಬಹುದು. ಅಜ್ಜನಿಗೆ ಇದನ್ನು ಓದಿ ಹೇಳಿದೆವು. 'ಗೇಣಿ ಅವನೂ ಬಿಡ್ಲಿಲ್ವಾ?' ಅಂದ.

ಸೋಲಿನ ನಂತರದ ರಬ್ಬಿಗಳು ಕಾಯುವುದನ್ನು ಬಿಡಲಿಲ್ಲ, ಆದರೆ ಕಾಯುವ ಬಗೆ ಬದಲಾಯಿತು. ಯೊಹಾನನ್ ಬೆನ್ ಜಕ್ಕಾಯ್ ಹೇಳಿದ್ದೆಂದು ಒಂದು ಮಾತಿದೆ: ಕೈಯಲ್ಲಿ ಸಸಿ ಇದ್ದು, ಮೆಸ್ಸೀಯ ಬಂದ ಅಂತ ಯಾರಾದರೂ ಕೂಗಿದರೆ, ಮೊದಲು ಸಸಿ ನೆಡಿ, ಆಮೇಲೆ ಎದುರುಗೊಳ್ಳಲು ಹೋಗಿ.

ತಾಲ್ಮುದಿನಲ್ಲಿ ಇನ್ನೊಂದು ಕತೆ. ಮೂರನೇ ಶತಮಾನದ ರಬ್ಬಿ ಯೆಹೋಶುವ ಬೆನ್ ಲೇವಿ ಎಲೀಯನನ್ನು ಕಂಡು ಮೆಸ್ಸೀಯ ಯಾವಾಗ ಬರುತ್ತಾನೆ ಎಂದು ಕೇಳಿದ. ಹೋಗಿ ಅವನನ್ನೇ ಕೇಳು ಅಂದ ಎಲೀಯ. ಎಲ್ಲಿದ್ದಾನೆ? ರೋಮಿನ ಊರಬಾಗಿಲಲ್ಲಿ, ರೋಗಪೀಡಿತ ಬಡವರ ನಡುವೆ. ಗುರುತು ಹಿಡಿಯುವುದು ಹೇಗೆ? ಉಳಿದವರೆಲ್ಲ ತಮ್ಮ ಹುಣ್ಣುಗಳ ಪಟ್ಟಿಗಳನ್ನು ಒಮ್ಮೆಗೇ ಬಿಚ್ಚಿ ಒಮ್ಮೆಗೇ ಕಟ್ಟುತ್ತಾರೆ. ಅವನೊಬ್ಬ ಮಾತ್ರ ಒಂದು ಬಿಚ್ಚಿ, ಅದನ್ನು ಕಟ್ಟಿ, ಆಮೇಲೆ ಇನ್ನೊಂದು ಬಿಚ್ಚುತ್ತಾನೆ. ಯಾರಾದರೂ ಕರೆದರೆ ತಡವಾಗಬಾರದಲ್ಲ ಅಂತ.